ಕೆಳಗಿನ ಮನೆಗೂ ಕೆಳಗೆ

ನಮ್ಮ ‘ಮೂಲಮನೆ ಬಳಗ’ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಹೆಚ್ಚಿನವರು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಬಾಯಾರು, ಕುಂಬಳೆ ಸುತ್ತಮುತ್ತಲಿನವರು. ಉಳಿದವರು ಮೈಸೂರು, ಬೆಂಗಳೂರು, ದುಬೈಯಲ್ಲಿ. ಕಳೆದ ಭಾನುವಾರ ಬೆಳಿಗ್ಗೆ ಪೆರ್ಲ ದೊಡ್ಡಪ್ಪ ‘ಪ್ಯಾರಸೈಟ್’ ಎಂಬ ಕೊರಿಯನ್ ಸಿನಿಮಾದ ಬಗ್ಗೆ ಒಂದು ಫಾರ್ವರ್ಡ್ ಹಾಕಿದರು. ಅದರ ಮೇಲೆ ರಾತ್ರಿ ಹತ್ತರವರೆಗೆ ಮಾತು ನಡೆಯಿತು. ಆ ಸಿನಿಮಾವನ್ನು ನಾನು ಮೂರು ಸಲ ನೋಡಿದ್ದೇನೆ. ಅದರ ಬಗ್ಗೆ ಯಾರಾದರೂ ತಪ್ಪು ಹೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಹಾಗಾಗಿ ನಡೆದದ್ದನ್ನು ಬರೆದಿಡುತ್ತಿದ್ದೇನೆ. ಹೆಸರು ಹಾಕಿಲ್ಲ. ನಾವು ಕರೆಯುವ ಹಾಗೆ ಊರು, ಸಂಬಂಧ ಮಾತ್ರ.

ಪೆರ್ಲ ದೊಡ್ಡಪ್ಪ (ಹಲವು ಸಲ ಫಾರ್ವರ್ಡ್ ಆದದ್ದು): ಎಲ್ಲರೂ ತಪ್ಪದೆ ಓದಿ! ಕೊರಿಯಾದಲ್ಲಿ ನಡೆದ ನಿಜ ಘಟನೆ. ಒಳ್ಳೆಯ ಶ್ರೀಮಂತ ಕುಟುಂಬ ಒಂದು ಬಡ ಕುಟುಂಬಕ್ಕೆ ಕೆಲಸ ಕೊಟ್ಟಿತು. ಅಸೂಯೆಯಿಂದ ಅವರು ಯಜಮಾನರ ಇಡೀ ಮನೆಯವರನ್ನು ಕೊಂದು ಮನೆ ನುಂಗಿದರು. ‘ಪ್ಯಾರಸೈಟ್’ ಎಂಬ ಸಿನಿಮಾ ಆಗಿದೆ. ಆಧಾರ್ ನೋಡದೆ ಯಾರನ್ನೂ ಮನೆಗೆ ಸೇರಿಸಬೇಡಿ. ಹತ್ತು ಜನರಿಗೆ ಕಳಿಸಿ.

ಅದರ ಕೆಳಗೆ ಅವರದ್ದೇ ಮಾತು: ಹೆಸರಲ್ಲೇ ಇದೆ ನೋಡಿ. ಮಾವಿನ ಮರಕ್ಕೆ ಹಿಡಿಯುವ ಬಂದಣಿಕೆಯ ಹಾಗೆ. ಮರದ ಮೇಲೆ ಕೂತು ಮರವನ್ನೇ ತಿನ್ನುತ್ತದೆ.

ಮೈಸೂರು ತಂಗಿ: ದೊಡ್ಡಪ್ಪಾ, ನಿಜ ಘಟನೆ ಎಂದು ಎಲ್ಲಿದೆ? ಮೂಲ ಕಳಿಸಿ.

ಪೆರ್ಲ ದೊಡ್ಡಪ್ಪ: ನನ್ನ ಜೊತೆ ಓದಿದವನು ಕಳಿಸಿದ್ದು. ಸುಳ್ಳು ಹೇಳುವ ಜನ ಅಲ್ಲ.

ಮೈಸೂರು ತಂಗಿ: ಲಾಕ್‌ಡೌನಿನಲ್ಲಿ ಕಷಾಯದ ಫಾರ್ವರ್ಡ್ ಕಳಿಸಿದವರೂ ಅವರೇ ಅಲ್ವಾ?

ಕುಂಬಳೆ ಅತ್ತೆ: ಆ ಹಳೇ ವಿಷಯ ಈಗ ಯಾಕೆ? ಹಿರಿಯರ ಹತ್ತಿರ ಮಾತಾಡುವ ಕ್ರಮ ಹೀಗಾ? ಎಲ್ಲರದ್ದೂ ತಿಂಡಿ ಆಯಿತಾ?

ಇಷ್ಟಾಗುವಾಗ ನಾನು ಒಳಗೆ ಬಂದೆ.

ನಾನು: ದೊಡ್ಡಪ್ಪಾ, ಅದು ನಿಜ ಘಟನೆ ಅಲ್ಲ. 2019ರಲ್ಲಿ ಬಂದ ಸಿನಿಮಾ, ಬಾಂಗ್ ಜೂನ್ ಹೋ ಎಂಬವರದ್ದು. ಕಥೆ ಅವರೇ ಹೆಣೆದದ್ದು. ಕಾಲೇಜು ದಿನಗಳಲ್ಲಿ ಅವರು ಒಂದು ಶ್ರೀಮಂತರ ಮನೆಗೆ ಪಾಠ ಹೇಳಲು ಹೋಗುತ್ತಿದ್ದರಂತೆ. ಆ ನೆನಪು ಅದರಲ್ಲಿ ಇದೆ, ಅಷ್ಟೇ. ಇನ್ನು, ಶ್ರೀಮಂತರ ಇಡೀ ಕುಟುಂಬ ಸಾಯುವುದೂ ಇಲ್ಲ. ಸಿನಿಮಾದಲ್ಲಿ ಸಾಯುವವರು ನಾಲ್ಕು ಜನ. ಅವರಲ್ಲಿ ಮೂವರು ಬಡವರು.

ಪೆರ್ಲ ದೊಡ್ಡಪ್ಪ: ನಾಲ್ಕೋ ಐದೋ, ಕೊಂದದ್ದು ಹೌದಲ್ಲ? ಕೂಸೇ, ನೀನು ಬದಿಯಡ್ಕ ಪೇಟೆಯಲ್ಲಿದ್ದೀಯ. ಇಲ್ಲಿ ನಾನು, ನಿನ್ನ ದೊಡ್ಡಮ್ಮ ಇಬ್ಬರೇ. ಹೋದ ವರ್ಷ ಅಂಗಳದಲ್ಲಿ ಒಣಗಿದ ಅಡಿಕೆ ಎರಡು ಗೋಣಿ ಹೋಯಿತು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ರಾತ್ರಿ ನಾಯಿ ಬೊಗಳಿದರೆ ನಿದ್ದೆ ಬರುವುದಿಲ್ಲ.

ಅವರ ಹೆದರಿಕೆ ಸುಳ್ಳಲ್ಲ. ಮಕ್ಕಳಿಬ್ಬರೂ ದೂರ. ಮನೆಯಿಂದ ಗೇಟಿಗೆ ಅರ್ಧ ಫರ್ಲಾಂಗು. ಆದರೆ ಆ ಹೆದರಿಕೆಗೆ ಈ ಕಥೆ ಸಾಕ್ಷಿ ಅಲ್ಲ. ಅದನ್ನು ತಿಳಿಸಬೇಕು ಅಂತ ಉದ್ದಕ್ಕೆ ಬರೆದೆ.

ನಾನು: ಕಥೆ ಹೇಗೆ ಕಟ್ಟಿದ್ದಾರೆ ನೋಡಿ. ಮೊದಲ ಒಂದು ಗಂಟೆ ಇಡೀ ಹತ್ತುವುದೇ. ಬಡ ಕುಟುಂಬ ಇರುವುದು ಅರ್ಧ ನೆಲದೊಳಗೆ ಹೂತ ಮನೆಯಲ್ಲಿ. ಕಿಟಕಿ ರಸ್ತೆಯ ಮಟ್ಟಕ್ಕೆ. ಮೊದಲು ಮಗ ಇಂಗ್ಲಿಷ್ ಪಾಠಕ್ಕೆ ಗುಡ್ಡದ ಮೇಲಿನ ಬಂಗಲೆಗೆ ಹೋಗುತ್ತಾನೆ. ಆಮೇಲೆ ಮಗಳು ಚಿತ್ರ ಕಲಿಸಲು. ಆಮೇಲೆ ಅಪ್ಪ ಡ್ರೈವರ್. ಕೊನೆಗೆ ಅಮ್ಮ ಅಡುಗೆಗೆ. ಒಬ್ಬರು ಇನ್ನೊಬ್ಬರಿಗೆ ಏಣಿ. ಆದರೆ ಜಾಗ ಬೇಕಲ್ಲ? ಹಳೇ ಡ್ರೈವರಿಗೆ ಕೆಟ್ಟ ಹೆಸರು ತಂದು ಓಡಿಸುತ್ತಾರೆ. ಹಳೇ ಕೆಲಸದ ಹೆಂಗಸಿಗೆ ಪೀಚ್ ಹಣ್ಣಿನ ಜುಂಗು ತಾಗಿದರೆ ಆಗುವುದಿಲ್ಲ. ಅದನ್ನೇ ಹಿಡಿದು ಅವಳಿಗೆ ಕ್ಷಯ ಅಂತ ನಂಬಿಸುತ್ತಾರೆ. ಇಲ್ಲಿಯವರೆಗೆ ನಾವು ನಗುತ್ತಲೇ ಇರುತ್ತೇವೆ. ಆದರೆ ಗಮನಿಸಿ, ಪೆಟ್ಟು ತಿಂದವರು ಯಾರು? ಯಜಮಾನರಲ್ಲ, ತಮ್ಮ ಹಾಗೇ ಸಂಬಳಕ್ಕೆ ದುಡಿಯುವವರು.

ನಾನು: ಒಂದು ಗಂಟೆ ಆಗುವಾಗ ಕಾಲಿಂಗ್ ಬೆಲ್ ಆಗುತ್ತದೆ. ಜೋರು ಮಳೆ. ಯಜಮಾನರು ಮಗನ ಹುಟ್ಟುಹಬ್ಬಕ್ಕೆ ಟೆಂಟು ಹಾಕಲು ಹೊರಗೆ ಹೋಗಿದ್ದಾರೆ. ಇವರು ನಾಲ್ಕೂ ಜನ ಒಳಗೆ ತಮ್ಮದೇ ಮನೆ ಅನ್ನುವ ಹಾಗೆ ಕುಡಿದು ಕೂತಿದ್ದಾರೆ. ಬಾಗಿಲಲ್ಲಿ ಒದ್ದೆಯಾಗಿ ನಿಂತವಳು ಆ ಹಳೇ ಕೆಲಸದವಳು. ಕೆಳಗೆ ಏನೋ ಬಿಟ್ಟು ಹೋಗಿದ್ದೇನೆ ಅನ್ನುತ್ತಾಳೆ. ಅಡುಗೆಮನೆಯ ಅಡಿಯಲ್ಲಿ ಯಜಮಾನರಿಗೇ ಗೊತ್ತಿಲ್ಲದ ನೆಲಮಾಳಿಗೆ. ಅದರಲ್ಲಿ ಅವಳ ಗಂಡ ನಾಲ್ಕು ವರ್ಷದಿಂದ ಅಡಗಿದ್ದಾನೆ, ಸಾಲ ಕೊಟ್ಟವರಿಗೆ ಹೆದರಿ. ಆ ಬೆಲ್ಲಿನಿಂದ ಮುಂದೆ ಕಥೆ ಇಳಿಯುವುದೇ. ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಕೆಳಗಿನ ಮನೆಯವರಿಗೆ ತಮಗಿಂತಲೂ ಕೆಳಗಿನವರು ಸಿಗುತ್ತಾರೆ. ಒಂದಾಗುವ ಬದಲು ಹೊಡೆದಾಡುತ್ತಾರೆ. ದೊಡ್ಡ ಜಗಳ ಇದೇ. ಮೇಲಿನವರಿಗೆ ಅದರ ಸುದ್ದಿಯೇ ಇಲ್ಲ.

ಬರೆದು ಫೋನ್ ಪಕ್ಕಕ್ಕಿಟ್ಟೆ. ಉತ್ತರ ಬಂತು, ದೊಡ್ಡಪ್ಪನದ್ದಲ್ಲ.

ಬಾಯಾರು ಭಾವ: ನೆಲಮಾಳಿಗೆ ಅಂದಾಗ ಅಜ್ಜನ ನೀರಿನ ಸುರಂಗ ನೆನಪಾಯಿತು! ಗುಡ್ಡೆಯ ಒಳಗೆ ಮೊಂಬತ್ತಿ ಹಿಡಿದು ಹೋಗುತ್ತಿದ್ದೆವಲ್ಲ, ಬಾವಲಿ ಹಾರಿ ನೀನು ಕೂಗಿದ್ದು ನೆನಪುಂಟಾ? ಎಂಥ ತಣ್ಣಗಿನ ನೀರು! ಯಾರ ಹತ್ತಿರವಾದರೂ ಆ ಫೋಟೋ ಇದ್ದರೆ ಹಾಕಿ.

ದುಬೈ ಅಣ್ಣ ಫೋಟೋ ಹಾಕಿದ. ಅತ್ತೆ ಹೃದಯ ಒತ್ತಿದರು. ಅಜ್ಜ ಹೊಸಂಗಡಿಯಿಂದ ಬಟ್ಟೆ ತರುತ್ತಿದ್ದದ್ದು, ಬಯಲಾಟಕ್ಕೆ ಚಾಪೆ ಹಿಡಿದು ಹೋಗುತ್ತಿದ್ದದ್ದು, ಹಾಸ್ಯಗಾರ ಬಂದಾಗ ಮಾತ್ರ ಎದ್ದು ಕೂರುತ್ತಿದ್ದದ್ದು. ಇಪ್ಪತ್ತು ಸಂದೇಶ ಬಂದಿರಬಹುದು. ನನಗೂ ಖುಷಿಯಾಯಿತು. ಆಮೇಲೆ ನಮ್ಮ ಅಪ್ಪ ಬರೆದರು. ಅಪ್ಪ ಗುಂಪಿನಲ್ಲಿ ಬರೆಯುವುದು ವರ್ಷಕ್ಕೆ ಒಂದೆರಡು ಸಲ.

ಅಪ್ಪ: ಆ ಸುರಂಗದ ನೀರು ಮೊದಲು ಮೇಲಿನ ಮನೆಯ ಟಾಂಕಿಗೆ. ತುಂಬಿ ಮಿಕ್ಕಿದರೆ ಕೆಳಗೆ ನಮಗೆ. ಏಪ್ರಿಲಿನಲ್ಲಿ ಮಿಕ್ಕುತ್ತಿರಲಿಲ್ಲ.

ಪೆರ್ಲ ದೊಡ್ಡಪ್ಪ: ಪಾಲು ಮಾಡುವಾಗ ಒಪ್ಪಿ ಸಹಿ ಹಾಕಿದ್ದೀಯ. 40 ವರ್ಷ ಆದ ಮೇಲೆ ಹೇಳಿದರೆ ಅದಕ್ಕೆ ಅಸೂಯೆ ಅನ್ನುತ್ತಾರೆ. 1970ರಲ್ಲಿ ಕೇರಳದ ಕಾನೂನು ಬಂದು ಅಜ್ಜನ ಜಮೀನು ಚಾಲಗೇಣಿಯವರಿಗೆ ಹೋದಾಗಲೂ ನೋಡಿದ್ದೇನೆ. ಇದ್ದವನ ಮೇಲೆ ಎಲ್ಲರಿಗೂ ಕಣ್ಣು. ಸಂತೋಷಪಡಲು ಕಲಿಯಬೇಕು.

ಮೈಸೂರು ತಂಗಿ: ಆ ಜಮೀನಿನಲ್ಲಿ ಬೇಸಾಯ ಮಾಡುತ್ತಿದ್ದವರೇ ಅವರು. ಅದು ಅಸೂಯೆ ಹೇಗಾಗುತ್ತದೆ?

ಕುಂಬಳೆ ಅತ್ತೆ: ಕಾನೂನು ಓದಿದ್ದು ಮನೆಯವರ ಮೇಲೆ ಪ್ರಯೋಗ ಮಾಡಲಿಕ್ಕಾ?

‘ಅಸೂಯೆ’ ಎಂಬ ಮಾತು ನನಗೆ ತಾಗಿತು. ಸಿನಿಮಾದ ಬಗ್ಗೆ ಎಲ್ಲರೂ ಮೊದಲು ಹೇಳುವ ಮಾತೂ ಅದೇ. ಆದರೆ ಆ ಬಡ ಕುಟುಂಬಕ್ಕೆ ಯಜಮಾನರ ಮೇಲೆ ದ್ವೇಷ ಇಲ್ಲ. ಒಳ್ಳೆಯವರು ಅಂತಲೇ ಹೊಗಳುತ್ತಾರೆ. ಆ ಕುಟುಂಬದ ಅಪ್ಪನ ಒಳಗೆ ಏನೋ ಮುರಿಯುವುದು ಆಸ್ತಿ ನೋಡಿ ಅಲ್ಲ.

ನಾನು: ದೊಡ್ಡಪ್ಪಾ, ಕಥೆಯಲ್ಲಿ ಅಸೂಯೆಗಿಂತ ಜಾಸ್ತಿ ಕೆಲಸ ಮಾಡುವುದು ವಾಸನೆ. ಮೊದಲು ಯಜಮಾನರ ಚಿಕ್ಕ ಹುಡುಗ ಹೇಳುತ್ತಾನೆ, ಇವರೆಲ್ಲರಿಗೂ ಒಂದೇ ವಾಸನೆ ಅಂತ. ತಮಾಷೆ ಅನಿಸುತ್ತದೆ. ಮಳೆಯ ರಾತ್ರಿ ಯಜಮಾನ ಸೋಫಾದಲ್ಲಿ ಹೆಂಡತಿಗೆ ಡ್ರೈವರಿನ ವಾಸನೆ ವಿವರಿಸುತ್ತಾನೆ. ಡ್ರೈವರ್ ಎರಡೇ ಅಡಿ ದೂರದಲ್ಲಿ ಮೇಜಿನ ಅಡಿಯಲ್ಲಿ, ಮಕ್ಕಳ ಪಕ್ಕದಲ್ಲಿ ಮಲಗಿ ಕೇಳುತ್ತಿದ್ದಾನೆ. ಅದೇ ರಾತ್ರಿ ಅವರ ಮನೆಗೆ ಚರಂಡಿ ನೀರು ಎದೆಮಟ್ಟ ನುಗ್ಗುತ್ತದೆ. ಮರುದಿನ ಕಾರಿನಲ್ಲಿ ಯಜಮಾನಿ ಫೋನಿನಲ್ಲಿ ಮಳೆ ಬಂದದ್ದು ಒಳ್ಳೆಯದಾಯಿತು ಅನ್ನುತ್ತಾಳೆ, ಮೂಗು ಮುಚ್ಚಿ ಕಿಟಕಿ ಇಳಿಸುತ್ತಾಳೆ. ಕೊನೆಗೆ ಹುಟ್ಟುಹಬ್ಬದ ಪಾರ್ಟಿಯಲ್ಲಿ ಡ್ರೈವರಿನ ಮಗಳು ನೆಲಮಾಳಿಗೆಯವನ ಇರಿತಕ್ಕೆ ಬಿದ್ದಿದ್ದಾಳೆ. ಯಜಮಾನ ಕಾರಿನ ಕೀ ತೆಗೆಯುವಾಗ ನೆಲಮಾಳಿಗೆಯವನ ವಾಸನೆಗೆ ಮೂಗು ಹಿಡಿಯುತ್ತಾನೆ. ಆಗಲೇ ಡ್ರೈವರಿನ ಚೂರಿ. ತನಗಲ್ಲ, ತನಗಿಂತ ಕೆಳಗಿನವನಿಗೆ ಆದ ಅವಮಾನಕ್ಕೆ. ಮತ್ತೆ ಮತ್ತೆ ಬಿತ್ತಿದ್ದಕ್ಕೆ ಕೊನೆಗೆ ಮೊಳಕೆ. ಇಷ್ಟು ತಾಳ್ಮೆಯಿಂದ ಹೆಣೆದ ಕಥೆ ನಾನು ಬೇರೆ ನೋಡಿಲ್ಲ.

ನಾನು: ಇನ್ನೊಂದು ಹೇಳುತ್ತೇನೆ. ಅಪ್ಪ ಬೆಳಿಗ್ಗೆ ರಬ್ಬರ್ ಹಾಲು ತಂದು ಶೀಟು ಮಾಡುತ್ತಿದ್ದರು. ಶೀಟು ಒಣಗುತ್ತಿದ್ದದ್ದು ನಾವು ಮಲಗುವ ಕೋಣೆಯ ಹಿಂದೆ. ಎಷ್ಟು ಸೋಪು ಹಾಕಿದರೂ ಯೂನಿಫಾರ್ಮಿನಿಂದ ಆ ವಾಸನೆ ಹೋಗುತ್ತಿರಲಿಲ್ಲ. ಮೇಲಿನ ಹೊಸ ಮನೆಯ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಒಬ್ಬರು, ರಬ್ಬರಿನ ಮಕ್ಕಳನ್ನು ಆ ಬದಿ ಕೂರಿಸಿ ಅಂದರು. ನನಗೆ ಆಗ ಹನ್ನೊಂದು ವರ್ಷ.

ಐದು ನಿಮಿಷ ಯಾರೂ ಬರೆಯಲಿಲ್ಲ. ಆಮೇಲೆ ಎಲ್ಲರೂ ಬರೆದರು.

ಕುಂಬಳೆ ಅತ್ತೆ: ಹಾಗೆ ಹೇಳಿದ್ದು ನಾನಲ್ಲ.

ದುಬೈ ಅಣ್ಣ: ಅತ್ತೆ, ನಿಮ್ಮ ಹೆಸರು ಯಾರು ಹೇಳಿದರು?

ಪೆರ್ಲ ದೊಡ್ಡಪ್ಪ: ನಮ್ಮ ಮನೆಯಲ್ಲಿ ಹಾಗೆ ಯಾರೂ ಹೇಳಿಲ್ಲ. ಅವತ್ತು 300 ಜನರಿಗೆ ಊಟ. ಬಡಿಸುವವರಲ್ಲಿ ಯಾರೋ ಅಂದಿರಬಹುದು.

ಬಾಯಾರು ಭಾವ: ಅವತ್ತಿನ ಹೋಳಿಗೆ ಮಾತ್ರ ಮರೆಯಲು ಆಗುವುದಿಲ್ಲ.

ಮೈಸೂರು ತಂಗಿ: ಭಾವಾ, ಸ್ವಲ್ಪ ಸುಮ್ಮನಿರಿ.

ಅಲ್ಲಿಂದ ಸಿನಿಮಾ ಎಲ್ಲರಿಗೂ ಮರೆತೇಹೋಯಿತು. ಒಕ್ಕಲಿಗೆ ಯಾರು ಎಷ್ಟು ದಿನ ಮೊದಲು ಬಂದು ಕೆಲಸ ಮಾಡಿದರು, ಯಾರಿಗೆ ಸೀರೆ ಸಿಕ್ಕಿತು, ಯಾರಿಗೆ ರವಕೆ ಕಣ ಮಾತ್ರ ಸಿಕ್ಕಿತು ಎಂಬುದೆಲ್ಲ ಬಂತು. ನಾನು ಕೊನೆಯದಾಗಿ ಒಂದು ಮಾತು ಹಾಕಿದೆ. ಆ ಬಡ ಕುಟುಂಬದ ಮಗ ಕೊನೆಗೆ ದುಡಿದು ಆ ಬಂಗಲೆ ಕೊಳ್ಳುತ್ತೇನೆ ಎಂದು ಕನಸು ಕಾಣುತ್ತಾನೆ. ಅವನ ಸಂಬಳಕ್ಕೆ ಅದು ಐನೂರಕ್ಕೂ ಹೆಚ್ಚು ವರ್ಷದ ಕೆಲಸ ಎಂದು ನಿರ್ದೇಶಕರೇ ಹೇಳಿದ್ದಾರೆ. ಕನಸಿನ ನಂತರ ಕ್ಯಾಮೆರಾ ಮತ್ತೆ ಅದೇ ಅರ್ಧ ಹೂತ ಕಿಟಕಿಗೆ, ಶುರುವಾದ ಜಾಗಕ್ಕೇ ಇಳಿಯುತ್ತದೆ. ಇಂಥ ಕಥೆಯನ್ನು ಆಧಾರ್ ನೋಡಿ ಎಂಬ ಒಂದು ಸಾಲಿಗೆ ಇಳಿಸಬೇಡಿ ಅಂದೆ.

ಮೈಸೂರು ತಂಗಿ: ಐನೂರು ವರ್ಷ ಅಂತ ಎಲ್ಲಿ ಹೇಳಿದ್ದು ಅಕ್ಕಾ? ಮೂಲ?

ಸಂದರ್ಶನದಲ್ಲಿ ಎಂದು ಬರೆದೆ. ಅವಳು ಹುಡುಕಿ ಸರಿ ಎಂದಳು. ದೊಡ್ಡಪ್ಪ ಮತ್ತೆ ಬರಲಿಲ್ಲ.

ರಾತ್ರಿ ಒಂಬತ್ತೂವರೆಗೆ ನೀರ್ಚಾಲು ಚಿಕ್ಕಮ್ಮನ ಧ್ವನಿ ಸಂದೇಶ ಬಂತು. ಅವರು ಬರೆಯುವುದಿಲ್ಲ. ಚಿಕ್ಕಪ್ಪ ಹೋದ ಮೇಲೆ ಮೇಲಿನ ಮನೆಯಲ್ಲಿ ಹನ್ನೆರಡು ವರ್ಷ ಅಡುಗೆ ನೋಡಿಕೊಂಡವರು. ಮನೆಗೆ ಸೊಸೆ ಬಂದ ವರ್ಷ ಅವರನ್ನು ಬರುವುದು ಬೇಡ ಅಂದಿದ್ದರು.

“ಕೂಸೇ, ನೀನು ಬರೆದದ್ದನ್ನೆಲ್ಲ ಮಗನ ಹತ್ತಿರ ಓದಿಸಿದೆ. ಆ ಹಣ್ಣಿನ ಜುಂಗು ಆಗದ ಹೆಂಗಸು ಬಾಗಿಲಲ್ಲಿ ಒದ್ದೆ ನಿಂತಳಲ್ಲ, ಅವಳು ಕೊನೆಗೆ ಏನಾದಳು? ಅದನ್ನು ನೀನು ಹೇಳಲೇ ಇಲ್ಲ.”

ಹೌದು, ಹೇಳಿರಲಿಲ್ಲ. ಇಷ್ಟುದ್ದ ಬರೆದೂ ಬಿಟ್ಟಿದ್ದೆ. ಓದಿಸಿ ಕೇಳಿ, ಕಥೆಯ ಒಳಗಿನ ಮನುಷ್ಯರ ಬಗ್ಗೆ ಪ್ರಶ್ನೆ ಹಾಕಿದವರು 43 ಜನರಲ್ಲಿ ಚಿಕ್ಕಮ್ಮ ಒಬ್ಬರೇ. ನಾನೂ ಧ್ವನಿಯಲ್ಲೇ ಉತ್ತರ ಕೊಟ್ಟೆ.

“ಚಿಕ್ಕಮ್ಮಾ, ಹೊಸ ಕೆಲಸದವಳು ಅವಳನ್ನು ಮೆಟ್ಟಿಲಿನಿಂದ ಒದೆಯುತ್ತಾಳೆ. ತಲೆಗೆ ಪೆಟ್ಟಾಗಿ ನೆಲಮಾಳಿಗೆಯಲ್ಲೇ ಸಾಯುತ್ತಾಳೆ. ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಆ ಡ್ರೈವರ್ ಪೊಲೀಸರಿಗೆ ಹೆದರಿ ಅದೇ ನೆಲಮಾಳಿಗೆ ಸೇರುತ್ತಾನೆ. ಅವನೇ ಅವಳನ್ನು ಅಂಗಳದ ಮರದ ಬುಡದಲ್ಲಿ ಹೂಳುತ್ತಾನೆ.”

“ಅಡುಗೆಮನೆಯಿಂದ ಕಾಣುವ ಮರವಾ?”

“ಗೊತ್ತಿಲ್ಲ ಚಿಕ್ಕಮ್ಮಾ. ಇನ್ನೊಮ್ಮೆ ನೋಡಿ ಹೇಳುತ್ತೇನೆ.”

“ಅವಳ ಹೆಸರೇನು?”

“ಮೂನ್ ಗ್ವಾಂಗ್.”

ಚಿಕ್ಕಮ್ಮ ಅದನ್ನು ಎರಡು ಸಲ ಹೇಳಿ ನೋಡಿದರು. ಎರಡನೇ ಸಲ ಸರಿಯಾಗಿ ಬಂತು.