ಅಪ್‌ಡೇಟ್: ನಮ್ಮ ಬಡಾವಣೆಯ ರಾತ್ರಿ ಗಸ್ತು

ಹೋದ ತಿಂಗಳು ಕೇಳಿದ್ದೆನಲ್ಲ, ಬೈಕ್ ಕಳ್ಳತನ ಜಾಸ್ತಿಯಾಗಿದೆ, ನಾವೇ ಹತ್ತು ಜನ ರಾತ್ರಿ ಗಸ್ತು ತಿರುಗಬಹುದೇ, ಯಾರನ್ನಾದರೂ ಹಿಡಿಯಬಹುದೇ ಎಂದು. ಒಬ್ಬ ವಕೀಲರನ್ನೂ ನಮ್ಮ ಬೀಟ್ ಪೊಲೀಸರನ್ನೂ ಕಂಡು ಬಂದೆ.

ತಿರುಗಾಡಲು ಅಡ್ಡಿಯಿಲ್ಲ. ಹಿಡಿಯುವುದರಲ್ಲೇ ತೊಡಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂಬ ಕಾನೂನು) 40ನೇ ಕಲಂ ಪ್ರಕಾರ ಸಾಮಾನ್ಯರೂ ಬಂಧಿಸಬಹುದು. ಆದರೆ ಅಪರಾಧ ನಮ್ಮ ಕಣ್ಣೆದುರೇ ನಡೆದಿರಬೇಕು, ಅದು ಸಂಜ್ಞೇಯವೂ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಜಾಮೀನುರಹಿತವೂ (ಜಾಮೀನು ಹಕ್ಕಾಗಿ ಸಿಗದಂಥದ್ದು) ಆಗಿರಬೇಕು. ಹಿಡಿದವರನ್ನು ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಇದಕ್ಕೆ ಮೊದಲಿದ್ದ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 43ನೇ ಕಲಂನಲ್ಲಿ ಈ ಗಡುವು ಇರಲಿಲ್ಲ.

ಸುಮ್ನೆ ಅನುಮಾನ ಬಂತೆಂದು ದಾರಿಹೋಕರನ್ನು ಅಡ್ಡಗಟ್ಟಿದರೆ, ಚೀಲ ತಡಕಿದರೆ, ನಮ್ಮ ಮೇಲೇ ಕೇಸು ಬೀಳುತ್ತದೆ. ನಮ್ಮಲ್ಲೊಬ್ಬರು ಆಗಲೇ ಲಾಠಿ ಕೊಂಡಿದ್ದರು. ಅದೀಗ ಅವರ ಮನೆಯಲ್ಲಿ ಬಟ್ಟೆ ಒಣಹಾಕುವ ಕೋಲು!

ಈಗ ನಮ್ಮ ಕೈಲಿರುವುದು ಟಾರ್ಚು, ಸೀಟಿ, ಮೊಬೈಲಿನಲ್ಲಿ 112. ಹೆಸರುಗಳ ಪಟ್ಟಿ ಠಾಣೆಗೆ ಕೊಟ್ಟಿದ್ದೇವೆ. ಇಬ್ಬರಿಗೆ ಸಮವಸ್ತ್ರವೇ ಬೇಕಂತೆ. ಗೃಹರಕ್ಷಕ ದಳ ಸೇರಿ ಎಂದೆ, ಅದಕ್ಕೆ 1962ರ ಕರ್ನಾಟಕ ಕಾಯ್ದೆಯೇ ಇದೆ ಅಲ್ವಾ. ಇನ್ನೂ ಯೋಚಿಸುತ್ತಿದ್ದಾರೆ.