ಧಾರಣೆ ಪಟ್ಟಿಗೆ ಟೇಬಲ್ ಬಳಸಬಹುದಾ? ಡಿವ್‌ನಲ್ಲಿ ಮಾಡಿದ್ದನ್ನು ಫೋನ್ ತಪ್ಪು ಕ್ರಮದಲ್ಲಿ ಓದುತ್ತಿದೆ

ಹಳೇಪೇಟೆ_ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಫ್ರಂಟ್‌ಎಂಡ್ ಕೆಲಸ ಶುರು ಮಾಡಿ ಒಂದೂವರೆ ವರ್ಷ ಆಯ್ತು. ಇಲ್ಲಿನ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಚಿಕ್ಕದು. ಮೇಲೆ ಆ ದಿನದ ಧಾರಣೆ, ಅದರ ಕೆಳಗೆ ಮಂಡಿಗೆ ಫೋನ್ ಮಾಡಲು ಒಂದು ಹಸಿರು ಗುಂಡಿ, ಆಮೇಲೆ ರೈತರು ಹೆಸರು, ಊರು, ಫೋನ್ ನಂಬರ್ ಬರೆದು ಕಳಿಸುವ ಫಾರ್ಮ್. ಅಷ್ಟೇ.

ಸಮಸ್ಯೆ ಇರುವುದು ಹೋದ ವಾರ ಗೊತ್ತಾಯ್ತು. ಸಾಹುಕಾರರ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಆದರೂ ದಿನಾ ಬೆಳಿಗ್ಗೆ ಮಂಡಿಗೆ ಬಂದು ಕೂರುತ್ತಾರೆ, ಫೋನಿನಲ್ಲಿ ಟಾಕ್‌ಬ್ಯಾಕ್ (ಪರದೆ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ) ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ನಾನು ಮಾಡಿದ ಪುಟ ತೆಗೆದು ಬೆರಳಾಡಿಸಿದರು. ಫೋನ್ ‘ಮೆಕ್ಕೆಜೋಳ, ಶೇಂಗಾ, ಹತ್ತಿ, ರಾಗಿ, ತೊಗರಿ’ ಅಂತ ಐದೂ ಹೆಸರನ್ನು ಒಟ್ಟಿಗೆ ಹೇಳಿತು. ಆಮೇಲೆ ‘ಕನಿಷ್ಠ’ ಅಂದು ಐದು ಸಂಖ್ಯೆ. ಆಮೇಲೆ ‘ಗರಿಷ್ಠ’, ಮತ್ತೆ ಐದು. ಅವರು ಫೋನ್ ಕೆಳಗಿಟ್ಟು, ‘ತಮ್ಮಾ, ಇದರಲ್ಲಿ ಶೇಂಗಾದ್ದು ಯಾವುದು?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಸಿರು ಗುಂಡಿಯಂತೂ ಅವರ ಬೆರಳಿಗೆ ಸಿಗಲೇ ಇಲ್ಲ.

ನಾನು ಮಾಡಿದ್ದು ಹೀಗೆ. ಒಂದೊಂದು ಕಾಲಂಗೆ ಒಂದೊಂದು ಡಿವ್ (ತನ್ನದೇ ಅರ್ಥ ಇಲ್ಲದ, ಬರೀ ಪೆಟ್ಟಿಗೆಯಂಥ ಟ್ಯಾಗ್), ಸಿಎಸ್‌ಎಸ್‌ನ ಫ್ಲೆಕ್ಸ್ ಹಾಕಿ ಪಕ್ಕಪಕ್ಕ ನಿಲ್ಲಿಸಿದ್ದೇನೆ. ನೋಡಲು ಅಚ್ಚುಕಟ್ಟಾಗಿದೆ. ಗುಂಡಿಯೂ ಡಿವ್, ಫೋನಿನ ಚಿತ್ರ ಬ್ಯಾಕ್‌ಗ್ರೌಂಡ್ ಇಮೇಜ್, ಒತ್ತಿದರೆ ಜಾವಾಸ್ಕ್ರಿಪ್ಟ್ ಕರೆ ಹಚ್ಚುತ್ತದೆ. ಟೇಬಲ್ ಯಾಕೆ ಹಾಕಲಿಲ್ಲ ಅಂದರೆ, ನಾನು ಕಲಿತ ಕಡೆ ‘ಟೇಬಲ್ ಹಳೇ ಕಾಲದ್ದು, ಮುಟ್ಟಬೇಡಿ’ ಅಂತಲೇ ಹೇಳಿಕೊಟ್ಟಿದ್ದರು. ಬಟನ್ ಟ್ಯಾಗ್ ಒಮ್ಮೆ ಹಾಕಿ ನೋಡಿದ್ದೆ, ಅದರೊಳಗೆ ಮಾತ್ರ ನಮ್ಮ ಕನ್ನಡ ಫಾಂಟ್ ಬರದೆ ಬೇರೆ ಥರ ಕಾಣಿಸಿತು, ಬಿಟ್ಟುಬಿಟ್ಟೆ. ಸೆಮ್ಯಾಂಟಿಕ್ ಟ್ಯಾಗ್ (ಒಳಗಿರುವುದು ಏನು ಅಂತ ಹೆಸರಿನಲ್ಲೇ ಹೇಳುವ ಟ್ಯಾಗ್) ಬಗ್ಗೆ ಎಲ್ಲ ಕಡೆ ಓದಿದ್ದೇನೆ, ಆದರೆ ಟ್ಯಾಗಿನ ಹೆಸರು ಬದಲಾದರೆ ಏನು ಬದಲಾಗುತ್ತದೆ ಅನ್ನುವುದು ತಲೆಗೆ ಹತ್ತಿಲ್ಲ. ಎಲ್ಲಿಂದ ಸರಿ ಮಾಡಲಿ?

ಕೋಟೆಬೀದಿ, ಚಿತ್ರದುರ್ಗ

ಮೊದಲು ಟೇಬಲ್ ವಿಷಯ. ನಿಮಗೆ ಹೇಳಿಕೊಟ್ಟವರು ಅರ್ಧ ಮಾತು ಹೇಳಿದ್ದಾರೆ. 1990ರ ದಶಕದ ಕೊನೆಯಲ್ಲಿ ಸಿಎಸ್‌ಎಸ್ (ಪುಟದ ಬಣ್ಣ, ಜಾಗ, ರೂಪ ಹೇಳುವ ಭಾಷೆ) ಇತ್ತು, ಮೊದಲ ಆವೃತ್ತಿ 1996ರಲ್ಲೇ ಬಂದಿತ್ತು, ಆದರೆ ಬ್ರೌಸರ್‌ಗಳು ಅದನ್ನು ಸರಿಯಾಗಿ ತೋರಿಸುತ್ತಿರಲಿಲ್ಲ. ಅದಕ್ಕೆ ಇಡೀ ಪುಟವನ್ನೇ ಟೇಬಲ್ ಒಳಗೆ ಕಟ್ಟುತ್ತಿದ್ದರು. ಎಡಗಡೆ ಮೆನು ಒಂದು ಮನೆಯಲ್ಲಿ, ಲೋಗೋ ಇನ್ನೊಂದರಲ್ಲಿ, ಅಂತರ ಬೇಕು ಅಂದರೆ ಕಣ್ಣಿಗೆ ಕಾಣದ ಚಿತ್ರ ಒಂದು ಕಡೆ. ಅದನ್ನು ಬಿಡಿಸಲು ‘ಲೇಔಟ್‌ಗೆ ಟೇಬಲ್ ಬೇಡ’ ಅಂತ ಹೇಳಬೇಕಾಯ್ತು. ಹೇಳಿಸಿಕೊಂಡವರು ಇನ್ನೊಬ್ಬರಿಗೆ ಹೇಳುವಷ್ಟರಲ್ಲಿ ‘ಲೇಔಟ್‌ಗೆ’ ಅನ್ನುವ ಪದ ಬಿದ್ದುಹೋಯ್ತು. ಧಾರಣೆ ಪಟ್ಟಿ, ಬಸ್ ವೇಳಾಪಟ್ಟಿ, ಅಂಕಪಟ್ಟಿ, ಇವೆಲ್ಲ ಟೇಬಲ್‌ಗಳೇ. ಧೈರ್ಯವಾಗಿ ಹಾಕಿ.

ಇನ್ನು ಹೆಸರು ಬದಲಾದರೆ ಏನು ಬದಲಾಗುತ್ತದೆ ಅಂತ ಕೇಳಿದಿರಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳು ಬಂದ ಹೊಸದರಲ್ಲಿ ಟೈಪ್ ಮಾಡಿದ ಫೈಲ್‌ಗಳನ್ನು ನೋಡಿದ್ದೀರಾ? ಪರದೆ ಮೇಲೆ ಚೆಂದದ ಕನ್ನಡ. ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ಹೊದಿಸುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಬರೀ ಗೋಜಲು. ಒಂದು ಹೆಸರು ಹುಡುಕಿದರೆ ಸಿಗುತ್ತಿರಲಿಲ್ಲ. ಯೂನಿಕೋಡ್ ಬಂದ ಮೇಲೆ ಹೊರಗೆ ‘ಕ’ ಅಂತ ಕಂಡದ್ದು ಒಳಗೂ ‘ಕ’ ಆಯ್ತು. ನಿಮ್ಮ ಡಿವ್ ಪಟ್ಟಿ ಆ ಹಳೇ ಫಾಂಟಿನ ಫೈಲ್ ಇದ್ದ ಹಾಗೆ. ಸಿಎಸ್‌ಎಸ್ ಅನ್ನುವ ಹೊದಿಕೆ ತೆಗೆದರೆ ಅಲ್ಲಿ ಪಟ್ಟಿಯೇ ಇಲ್ಲ, ಒಂದರ ಕೆಳಗೊಂದು ಹದಿನೇಳು ಹದಿನೆಂಟು ಪದ ಇವೆ. ಟಾಕ್‌ಬ್ಯಾಕ್ ಓದಿದ್ದು ಅದನ್ನೇ. ನೀವೇ ನೋಡಬೇಕೆಂದರೆ ಫೈರ್‌ಫಾಕ್ಸ್‌ನ ವ್ಯೂ ಮೆನುವಿನಲ್ಲಿ ಪೇಜ್ ಸ್ಟೈಲ್ ಅಂತ ಇದೆ, ಅಲ್ಲಿ ನೋ ಸ್ಟೈಲ್ ಒತ್ತಿ. ಆ ಅಣ್ಣನಿಗೆ ಕೇಳಿಸಿದ ಕ್ರಮ ನಿಮಗೆ ಕಾಣಿಸುತ್ತದೆ.

ಕೆಲಸ ಜಾಸ್ತಿ ಇಲ್ಲ. ಟೇಬಲ್ ಟ್ಯಾಗ್, ಅದರೊಳಗೆ ಮೊದಲು ಕ್ಯಾಪ್ಷನ್. ಕ್ಯಾಪ್ಷನ್‌ನಲ್ಲಿ ‘ಇಂದಿನ ಧಾರಣೆ, ಕ್ವಿಂಟಲ್‌ಗೆ ರೂಪಾಯಿಗಳಲ್ಲಿ’ ಅಂತ ಬರೆದುಬಿಡಿ. ಮೇಲಿನ ಸಾಲಿನ ಬೆಳೆ, ಕನಿಷ್ಠ, ಗರಿಷ್ಠ ಮೂರೂ ಟಿಎಚ್ (th, ತಲೆಬರಹದ ಮನೆ), ಅದು ಯಾವುದರ ತಲೆಬರಹ ಅಂತ ಹೇಳುವ ಸ್ಕೋಪ್ (scope) ಜಾಗದಲ್ಲಿ ‘ಕಾಲ್’ (col), ಅಂದರೆ ಕಾಲಂ. ಪ್ರತಿ ಸಾಲಿನ ಮೊದಲ ಮನೆ, ಅಂದರೆ ಬೆಳೆಯ ಹೆಸರು, ಅದೂ ಟಿಎಚ್, ಅದಕ್ಕೆ ಸ್ಕೋಪ್ ‘ರೋ’ (row), ಅಂದರೆ ಸಾಲು. ಇದನ್ನೇ ಜಾಸ್ತಿ ಜನ ಮರೆಯುವುದು. ಸ್ಕೋಪ್ ಏನೂ ಹೊಸದಲ್ಲ, ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 1997ರ 4ನೇ ಆವೃತ್ತಿಯಿಂದಲೇ ಇದೆ. ಚಿಕ್ಕ ಫೋನಿನಲ್ಲಿ ಟೇಬಲ್ ಹೊರಗೆ ಚಾಚಿದರೆ ಅದನ್ನು ಒಂದು ಡಿವ್ ಒಳಗಿಟ್ಟು ಆ ಡಿವ್‌ಗೆ ಓವರ್‌ಫ್ಲೋ-ಎಕ್ಸ್ ಆಟೋ ಕೊಡಿ. ಟೇಬಲ್‌ಗೇ ಡಿಸ್‌ಪ್ಲೇ ಬ್ಲಾಕ್, ಫ್ಲೆಕ್ಸ್ ಅಂತ ಕೊಡಲು ಹೋಗಬೇಡಿ, ಕೆಲವು ಬ್ರೌಸರ್‌ಗಳಲ್ಲಿ ಅದು ಟೇಬಲ್ ಅನ್ನುವ ಗುರುತೇ ಅಳಿಸಿಹೋಗುತ್ತದೆ, ಮತ್ತೆ ಮೊದಲಿನ ಕಥೆ.

ಗುಂಡಿ ವಿಷಯ. ಫೋನ್ ಮಾಡುವುದಕ್ಕೆ ಬಟನ್ನೂ ಬೇಡ, ಜಾವಾಸ್ಕ್ರಿಪ್ಟೂ ಬೇಡ. ಒಂದು ಲಿಂಕ್ ಸಾಕು, ವಿಳಾಸದ ಜಾಗದಲ್ಲಿ ‘ಟೆಲ್’ (tel) ಅಂತ ಬರೆದು ಕೋಲನ್ ಹಾಕಿ ನಂಬರ್. ಒಳಗೆ ‘ಮಂಡಿಗೆ ಕರೆ ಮಾಡಿ’ ಅನ್ನುವ ಅಕ್ಷರ ಇರಲಿ. ಈಗ ಅಲ್ಲಿ ಬರೀ ಚಿತ್ರ ಇದೆ, ಅದೂ ಬ್ಯಾಕ್‌ಗ್ರೌಂಡ್‌ನಲ್ಲಿ, ಓದಲು ಏನೂ ಇಲ್ಲ, ಹಾಗಾಗಿ ಫೋನ್ ಸುಮ್ನೆ ದಾಟಿಹೋಯ್ತು. ಫಾರ್ಮ್ ಕಳಿಸುವುದಕ್ಕೆ ಮಾತ್ರ ಬಟನ್. ಫಾಂಟ್ ಬೇರೆ ಕಾಣಿಸಿದ್ದಕ್ಕೆ ಕಾರಣ, ಬಟನ್ ಮತ್ತು ಇನ್‌ಪುಟ್‌ಗಳು ಪುಟದ ಫಾಂಟನ್ನು ತಾವಾಗಿ ತೆಗೆದುಕೊಳ್ಳುವುದಿಲ್ಲ. ಸಿಎಸ್‌ಎಸ್‌ನಲ್ಲಿ ಅವುಗಳಿಗೆ ‘ಫಾಂಟ್ ಇನ್ಹೆರಿಟ್’ ಅಂತ ಒಂದು ಸಾಲು. ಆ ಒಂದು ಸಾಲು ಗೊತ್ತಿಲ್ಲದೆ ಎಷ್ಟೊಂದು ಕನ್ನಡ ಸೈಟ್‌ಗಳಲ್ಲಿ ಬಟನ್ ಬಿಟ್ಟು ಡಿವ್ ಹಾಕಿದ್ದಾರೆ ಅಂತ ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಹರಿಹರ_ವೆಬ್

ಕೋಟೆಬೀದಿ ಸರ್ ಹೇಳಿದ್ದು ಸರಿ, ಆದರೆ ನಮ್ಮ ಕಡೆಯ ಪರಿಸ್ಥಿತಿಯನ್ನೂ ನೋಡಿ. ಸಣ್ಣ ಅಂಗಡಿಯವರು ಕೊಡುವ ದುಡ್ಡಿಗೆ ರೆಡಿ ಟೆಂಪ್ಲೇಟ್ ಹಾಕಿ ಮೂರು ದಿನಕ್ಕೆ ಮುಗಿಸಬೇಕು. ಆ ಟೆಂಪ್ಲೇಟ್‌ಗಳಲ್ಲಿ ಎಲ್ಲವೂ ಡಿವ್. ಕ್ಲೈಂಟ್ ನೋಡುವುದು ಬಣ್ಣ, ಫೋಟೋ. ಒಂದು ತಪ್ಪು ಟ್ಯಾಗ್ ಬದಲಾಯಿಸಿದರೆ ನಾಲ್ಕು ಕಡೆ ಸಿಎಸ್‌ಎಸ್ ಕಿತ್ತು ಬರುತ್ತದೆ, ಅದಕ್ಕೆ ದುಡ್ಡು ಕೇಳಿದರೆ ‘ಚೆನ್ನಾಗೇ ಇದೆಯಲ್ಲ’ ಅಂತಾರೆ.

ನಾನು ಎರಡು ಕೆಲಸ ಮಾಡುತ್ತೇನೆ. ಡಿವ್ ಹಾಗೇ ಬಿಟ್ಟು ಅದಕ್ಕೆ ಏರಿಯಾ (ARIA) ರೋಲ್, ಅಂದರೆ ಇದು ಬಟನ್, ಇದು ಟೇಬಲ್ ಅಂತ ಸ್ಕ್ರೀನ್ ರೀಡರ್‌ಗೆ ಹೇಳುವ ಗುರುತು, ಹಾಕುವುದು. ಕ್ಲೈಂಟ್‌ಗೆ ‘ಇದನ್ನು ಮಾಡಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೀರಿ’ ಅಂತ ಹೇಳಿ ಒಪ್ಪಿಸುವುದು. ಕೋಡ್ ಪರೀಕ್ಷಿಸುವ ಡಬ್ಲ್ಯು3ಸಿ ವ್ಯಾಲಿಡೇಟರ್‌ನಲ್ಲಿ ತಪ್ಪು ಬರದಿದ್ದರೆ ಸಾಕಲ್ವಾ?

ಚಳ್ಳಕೆರೆ_ಕಿವಿ

ನಾನು ಹುಟ್ಟಿನಿಂದ ಕಣ್ಣು ಕಾಣದವಳು. ದಿನಾ ಎನ್‌ವಿಡಿಎ (ಕಂಪ್ಯೂಟರಿನಲ್ಲಿ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್) ಇಟ್ಟುಕೊಂಡು ಕೆಲಸ ಮಾಡುತ್ತೇನೆ, ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ನಮ್ಮ ಕಿವಿಗೆ ಏನು ಬೀಳುತ್ತದೆ ಅಂತ ಹೇಳುತ್ತೇನೆ, ಆಮೇಲೆ ದುಡ್ಡಿನ ಮಾತು ನೀವೇ ತೀರ್ಮಾನ ಮಾಡಿ.

ನಾವು ಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಓದುವುದಿಲ್ಲ. ನೀವು ಕಣ್ಣಾಡಿಸಿದ ಹಾಗೆ ನಾವು ಕೀ ಒತ್ತಿ ಹಾರುತ್ತೇವೆ. ಎಚ್ ಒತ್ತಿದರೆ ಮುಂದಿನ ಹೆಡ್ಡಿಂಗ್, ಟಿ ಒತ್ತಿದರೆ ಮುಂದಿನ ಟೇಬಲ್, ಬಿ ಒತ್ತಿದರೆ ಬಟನ್, ಡಿ ಒತ್ತಿದರೆ ಮೇನ್, ನ್ಯಾವ್ ಥರದ ಭಾಗಗಳು. ಟೇಬಲ್ ಒಳಗೆ ಹೋದ ಮೇಲೆ ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀ. ಶೇಂಗಾ ಸಾಲಿನಲ್ಲಿ ಬಲಕ್ಕೆ ಹೋದರೆ ‘ಕನಿಷ್ಠ’ ಅಂತ ಹೇಳಿ ಆಮೇಲೆ ಸಂಖ್ಯೆ ಹೇಳುತ್ತದೆ. ಅದೇ ಕಾಲಂನಲ್ಲಿ ಕೆಳಗೆ ಇಳಿದರೆ ‘ಹತ್ತಿ’ ಅಂದು ಅದರ ಸಂಖ್ಯೆ. ಟಿಎಚ್ ಇದ್ದರೆ ಮಾತ್ರ. ಎಲ್ಲ ಡಿವ್ ಇರುವ ಪುಟದಲ್ಲಿ ಎಚ್ ಒತ್ತಿದರೆ ‘ಹೆಡ್ಡಿಂಗ್ ಇಲ್ಲ’ ಅನ್ನುತ್ತದೆ, ಟಿ ಒತ್ತಿದರೂ ಅದೇ. ಆಗ ಇಡೀ ಪುಟ ಕೇಳಬೇಕು.

ಒಂದು ಪರೀಕ್ಷೆಯ ಅರ್ಜಿ ತುಂಬಿದ್ದು ನೆನಪಿದೆ. ಆರು ಖಾನೆ. ಹೆಸರುಗಳೆಲ್ಲ ಪಕ್ಕದಲ್ಲಿ ಬರೆದಿದ್ದರು, ಆದರೆ ಲೇಬಲ್ ಟ್ಯಾಗ್ ಹಾಕಿ ಖಾನೆಗೆ ಜೋಡಿಸಿರಲಿಲ್ಲ. ಟ್ಯಾಬ್ ಒತ್ತಿದಾಗಲೆಲ್ಲ ‘ಎಡಿಟ್, ಬ್ಲ್ಯಾಂಕ್’ ಅಂತ ಮಾತ್ರ ಹೇಳಿತು. ಆರು ಸಲವೂ ಅದೇ. ಅಂದಾಜಿನ ಮೇಲೆ ತುಂಬಿದೆ. ನನ್ನ ಹೆಸರಿನ ಜಾಗಕ್ಕೆ ಅಪ್ಪನ ಹೆಸರು ಹೋಗಿತ್ತು, ತಿದ್ದಿಸಲು ಎರಡು ಸಲ ಓಡಾಡಿದೆ. ಲೇಬಲ್‌ನ ‘ಫಾರ್’ ಮತ್ತು ಖಾನೆಯ ಐಡಿ ಒಂದೇ ಇದ್ದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಪ್ರಶ್ನೆ ಕೇಳಿದ ತಮ್ಮನಿಗೆ: ನಿಮ್ಮ ಫಾರ್ಮ್‌ನಲ್ಲೂ ಇದನ್ನು ಇವತ್ತೇ ನೋಡಿ. ಫೋನ್ ನಂಬರಿನ ಖಾನೆಗೆ ಟೈಪ್ ‘ಟೆಲ್’ ಕೊಟ್ಟರೆ ಅಂಕಿಗಳ ಕೀಬೋರ್ಡ್ ಬರುತ್ತದೆ, ಕಣ್ಣಿರುವ ರೈತರಿಗೂ ಅದು ಅನುಕೂಲ.

ಇನ್ನೊಂದು. ಪುಟದ ಮೊದಲ ಟ್ಯಾಗಿನಲ್ಲಿ ಲ್ಯಾಂಗ್ (lang, ಪುಟದ ಭಾಷೆ) ಏನಿದೆ ನೋಡಿ. ಕೋಡ್ ಬರೆಯುವ ವಿಎಸ್ ಕೋಡ್ ತಂತ್ರಾಂಶದಲ್ಲಿ ಆಶ್ಚರ್ಯ ಚಿಹ್ನೆ ಹಾಕಿ ಟ್ಯಾಬ್ ಒತ್ತಿ ಶುರು ಮಾಡಿದ್ದರೆ ಅಲ್ಲಿ ‘ಇಎನ್’ ಅಂತ ಇರುತ್ತದೆ, ಅಂದರೆ ಇದು ಇಂಗ್ಲಿಷ್ ಪುಟ ಅಂತ ನೀವೇ ಹೇಳಿದ ಹಾಗೆ. ಅದು ‘ಕೆಎನ್’ ಆಗಬೇಕು. ಎನ್‌ವಿಡಿಎ ಜೊತೆಗೇ ಬರುವ, ಅಕ್ಷರವನ್ನು ದನಿ ಮಾಡುವ ಇಸ್ಪೀಕ್‌ನಲ್ಲಿ ಕನ್ನಡ ದನಿ ಇದೆ, ಆದರೆ ಯಾವ ಭಾಷೆ ಅಂತ ಪುಟವೇ ತಪ್ಪು ಹೇಳಿದರೆ ಇಂಗ್ಲಿಷ್ ದನಿ ಬಂದು ಕನ್ನಡದ ಮುಂದೆ ತಡವರಿಸುತ್ತದೆ. ಎರಡು ಅಕ್ಷರ ಬದಲಾಯಿಸುವ ಕೆಲಸ ಇದು.

ಹರಿಹರದ ಸರ್, ಕ್ಲೈಂಟ್ ‘ಚೆನ್ನಾಗೇ ಇದೆಯಲ್ಲ’ ಅಂದಾಗ ಅವರ ಕಣ್ಣು ಮುಚ್ಚಿಸಿ ಅವರದೇ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿ ಅವರದೇ ಅಂಗಡಿಯ ನಂಬರ್‌ಗೆ ಕರೆ ಮಾಡಿ ಅನ್ನಿ. ನಾನು ಇಬ್ಬರ ಹತ್ತಿರ ಹಾಗೆ ಮಾಡಿಸಿದ್ದೇನೆ, ಇಬ್ಬರೂ ಸರಿ ಮಾಡಿಸಿಕೊಂಡರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿರುವುದು ನಮಗೆ ಸಿಗುವಂತಿರಬೇಕು, ಸರ್ಕಾರ ಅದಕ್ಕೆ ಕ್ರಮ ತೆಗೆದುಕೊಳ್ಳಬೇಕು ಅಂತ ಬರೆದಿದೆ.

ಕೋಟೆಬೀದಿ, ಚಿತ್ರದುರ್ಗ

ಮೇಡಂ ಹೇಳಿದ ಮೇಲೆ ನಾನು ಜಾಸ್ತಿ ಹೇಳುವುದಿಲ್ಲ, ಹರಿಹರದವರ ಮೂರು ಮಾತಿಗೆ ಮಾತ್ರ ಉತ್ತರ.

ವ್ಯಾಲಿಡೇಟರ್ ನೋಡುವುದು ವ್ಯಾಕರಣ. ಟ್ಯಾಗ್ ಮುಚ್ಚಿದ್ದೀರಾ, ಒಂದೇ ಐಡಿ ಎರಡು ಕಡೆ ಬಂತಾ, ಇಂಥವು. ಇಡೀ ಧಾರಣೆ ಪಟ್ಟಿ ಡಿವ್‌ನಲ್ಲಿದ್ದರೂ ಅದು ಹಸಿರು ನಿಶಾನೆ ತೋರಿಸುತ್ತದೆ. ಓಡಿಸಿ, ಒಳ್ಳೆಯದೇ, ಆದರೆ ಅಲ್ಲಿಗೆ ನಿಲ್ಲಿಸಬೇಡಿ.

ಗೂಗಲ್ ಮಾತು ಹೇಳಿ ಕ್ಲೈಂಟ್‌ಗೆ ಒಪ್ಪಿಸಬೇಡಿ ದಯವಿಟ್ಟು. ಹೆಡ್ಡಿಂಗ್ ಕ್ರಮವಾಗಿ ಇಟ್ಟರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಒಳ್ಳೆಯದು, ಸರ್ಚ್‌ಗೆ ಅದರಿಂದ ವ್ಯತ್ಯಾಸ ಇಲ್ಲ ಅಂತ ಗೂಗಲ್‌ನವರೇ ತಮ್ಮ ಮಾರ್ಗದರ್ಶಿಯಲ್ಲಿ ಬರೆದಿದ್ದಾರೆ. ನಾಳೆ ಸೈಟ್ ಮೇಲೆ ಬರದಿದ್ದರೆ ಕ್ಲೈಂಟ್ ನಿಮ್ಮನ್ನೂ ನಂಬುವುದಿಲ್ಲ, ಈ ಟ್ಯಾಗ್‌ಗಳನ್ನೂ ನಂಬುವುದಿಲ್ಲ.

ಏರಿಯಾ ಬಗ್ಗೆ: ಮುಟ್ಟಲಾಗದ ಹಳೇ ಟೆಂಪ್ಲೇಟ್ ಇದ್ದರೆ ರೋಲ್ ಹಾಕುವುದು ತಪ್ಪಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಎಚ್‌ಟಿಎಂಎಲ್‌ನಲ್ಲೇ ಆ ಕೆಲಸದ ಟ್ಯಾಗ್ ಇದ್ದರೆ ಅದನ್ನೇ ಬಳಸಿ ಅನ್ನುವುದು ಏರಿಯಾ ಬಳಕೆಯ ಮೊದಲನೇ ನಿಯಮ. ಡಿವ್‌ಗೆ ರೋಲ್ ಬಟನ್ ಅಂತ ಹಾಕಿದ ಮಾತ್ರಕ್ಕೆ ಟ್ಯಾಬ್ ಅಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಟ್ಯಾಬ್‌ಇಂಡೆಕ್ಸ್ (tabindex) ಅಂತ ಬೇರೆ ಕೊಡಬೇಕು. ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ, ಅದಕ್ಕೊಂದು ಸ್ಕ್ರಿಪ್ಟ್. ಸ್ಪೇಸ್ ಒತ್ತಿದರೆ ಪುಟ ಕೆಳಗೆ ಜಾರುತ್ತದೆ, ಅದನ್ನು ತಡೆಯಲು ಇನ್ನೊಂದು. ಬಟನ್ ಟ್ಯಾಗ್ ಇದೆಲ್ಲವನ್ನೂ ಹುಟ್ಟುವಾಗಲೇ ತಂದಿರುತ್ತದೆ. ನಿಮ್ಮ ಮೂರು ದಿನದಲ್ಲಿ ಉಳಿತಾಯ ಯಾವುದರಲ್ಲಿ ಅಂತ ನೀವೇ ಲೆಕ್ಕ ಹಾಕಿ.

ಹರಿಹರ_ವೆಬ್

ಗೂಗಲ್ ವಿಷಯ ನನಗೆ ಗೊತ್ತಿರಲಿಲ್ಲ ಸರ್, ಇನ್ನು ಹಾಗೆ ಹೇಳುವುದಿಲ್ಲ. ಹಳೇ ಸೈಟ್‌ಗಳಿಗೆ ರೋಲ್ ಹಾಕುತ್ತೇನೆ, ಹೊಸದರಲ್ಲಿ ಟೆಂಪ್ಲೇಟನ್ನೇ ಒಂದು ಸಲ ಕೂತು ತಿದ್ದಿ ಇಟ್ಟುಕೊಳ್ಳುತ್ತೇನೆ.

ಹಳೇಪೇಟೆ_ಹುಡುಗ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಮಾಡಿ ಮುಗಿಸಿದೆ. ಮೊದಲು ನೋ ಸ್ಟೈಲ್ ಒತ್ತಿ ನೋಡಿದೆ, ಪುಟ ನೋಡಿ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ, ಐದು ಬೆಳೆ, ಐದು ಸಂಖ್ಯೆ, ಐದು ಸಂಖ್ಯೆ, ಒಂದರ ಕೆಳಗೊಂದು. ಲ್ಯಾಂಗ್ ‘ಇಎನ್’ ಅಂತಲೇ ಇತ್ತು, ಬದಲಾಯಿಸಿದೆ. ಫಾರ್ಮ್‌ನ ಮೂರೂ ಖಾನೆಗೆ ಲೇಬಲ್ ಜೋಡಿಸಿದೆ. ‘ಫಾಂಟ್ ಇನ್ಹೆರಿಟ್’ ಹಾಕಿದ ಕೂಡಲೇ ಬಟನ್ ಒಳಗೆ ನಮ್ಮ ಫಾಂಟ್ ಬಂತು. ಕೊನೆಗೆ ನೋಡಿದರೆ ಕೋಡ್ ಮೊದಲಿಗಿಂತ ಚಿಕ್ಕದಾಗಿದೆ.

ಒಂದು ತೊಂದರೆ ಬಂದಿತ್ತು. ಮಂಡಿಯ ಗುಮಾಸ್ತರು ಧಾರಣೆಯನ್ನು ಹಳೇ ಫಾಂಟಿನಲ್ಲೇ ಟೈಪ್ ಮಾಡಿ ಕಳಿಸುತ್ತಿದ್ದರು, ಟೇಬಲ್‌ಗೆ ಹಾಕಿದರೆ ಬೆಳೆಯ ಹೆಸರೆಲ್ಲ ಗೋಜಲಾಗಿ ಬಂತು. ಮೊದಲು ಅದಕ್ಕೂ ಫಾಂಟ್ ಹೊದಿಸಿ ಸಾಗಹಾಕಿದ್ದೆ. ಈಗ ಅವರ ಕಂಪ್ಯೂಟರಿನಲ್ಲೇ ಯೂನಿಕೋಡ್ ಕೀಲಿಮಣೆ ಹಾಕಿಕೊಟ್ಟು ಬಂದೆ.

ಬೆಳಿಗ್ಗೆ ಸಾಹುಕಾರರ ಅಣ್ಣ ಬಂದು ಕೇಳಿದರು. ಫೋನ್ ಸಾಲು ಸಾಲಾಗಿ ಓದಿತು, ಮೆಕ್ಕೆಜೋಳ ಅಂದ ಮೇಲೆ ಅದರದೇ ಎರಡು ಸಂಖ್ಯೆ, ಶೇಂಗಾ ಅಂದ ಮೇಲೆ ಅದರದೇ ಎರಡು. ತಾವೇ ಲಿಂಕ್ ಒತ್ತಿ ಮಂಡಿಗೆ ಕರೆ ಮಾಡಿದರು, ಎದುರಿನ ಮೇಜಿನ ಮೇಲಿದ್ದ ಫೋನ್ ಬಡಿದುಕೊಂಡಿತು. ಆಮೇಲೆ ಎರಡನೇ ಸಲ ಪಟ್ಟಿ ಕೇಳಿಸಿಕೊಂಡು, ‘ಆವಕ ಎಷ್ಟು ಅಂತ ಇಲ್ವಲ್ಲ ತಮ್ಮಾ, ಆವಕ ಗೊತ್ತಾಗದೆ ಧಾರಣೆ ಕೇಳಿ ಏನು ಮಾಡಲಿ’ ಅಂದರು. ಇವತ್ತು ಸಂಜೆ ಆವಕಕ್ಕೆ, ಅಂದರೆ ಯಾರ್ಡಿಗೆ ಬಂದ ಮಾಲಿನ ಲೆಕ್ಕಕ್ಕೆ, ಇನ್ನೊಂದು ಟಿಎಚ್ ಸೇರಿಸುತ್ತಿದ್ದೇನೆ.

ಚಳ್ಳಕೆರೆ_ಕಿವಿ

ಒಳ್ಳೇ ಕೆಲಸ ಮಾಡಿದಿರಿ. ಆ ಟಿಎಚ್‌ನಲ್ಲಿ ಬರೀ ‘ಆವಕ’ ಅಂತ ಬರೆಯಬೇಡಿ, ಕ್ವಿಂಟಲ್‌ನಲ್ಲೋ ಚೀಲದಲ್ಲೋ ಅದನ್ನೂ ಸೇರಿಸಿ. ನಮ್ಮ ಕಡೆ ಶೇಂಗಾ ಲೆಕ್ಕ ಚೀಲದಲ್ಲೇ ಹೇಳುವವರು ಜಾಸ್ತಿ.