ಸೆರಿಬೆಲಮ್: ಅನುಮಸ್ತಿಷ್ಕವೋ, ಕಿರುಮೆದುಳೋ?

ಗೆಳೆಯರೇ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಸೆರಿಬೆಲಮ್, ಅಂದರೆ ತಲೆಯ ಹಿಂಬದಿಯಲ್ಲಿ, ದೊಡ್ಡ ಮೆದುಳಿನ ಕೆಳಗೆ ಇರುವ ಭಾಗ. ಶಾಲೆಯ ಪುಸ್ತಕಗಳಲ್ಲಿ ಅನುಮಸ್ತಿಷ್ಕ ಅಂತಿದೆ. ಕೆಲವರು ಅದನ್ನು 'ಅಣು' ಅಂತ ಓದಿಕೊಳ್ಳುತ್ತಾರೆ, ಆದರೆ ಇಲ್ಲಿ ಅನು ಅಂದರೆ ಹಿಂದೆ ಬರುವುದು, ಅನುಜ ಅನ್ನುವಲ್ಲಿ ಇರುವ ಹಾಗೆ. ಹಿಮ್ಮೆದುಳು ಸರಿಹೋಗುವುದಿಲ್ಲ, ಅದರಲ್ಲಿ ಮೆಡುಲ್ಲಾ, ಪಾನ್ಸ್ ಅನ್ನುವ ಬೇರೆ ಭಾಗಗಳೂ ಸೇರುತ್ತವೆ. ಕಿರುಮೆದುಳು ಬಾಯಿಗೆ ಸುಲಭ, ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ನನ್ನ ಒಲವು ಇದರ ಕಡೆಗೆ.

ಅಳುಕು ಒಂದೇ. ಕಿರು ಅಂದ ಕೂಡಲೇ ಅದರ ಕೆಲಸವೂ ಕಿರಿದು ಅನ್ನಿಸಬಾರದು. ಮೆದುಳಿನ ತೂಕದಲ್ಲಿ ಇದರ ಪಾಲು ಸುಮಾರು 10%, ಆದರೆ ನರಕೋಶಗಳಲ್ಲಿ ಸುಮಾರು 80% ಇರುವುದು ಇಲ್ಲೇ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಇದು ತುಂಬಾ ವೇಗವಾಗಿ ಬೆಳೆಯುತ್ತದೆ, ಹುಟ್ಟಿದ ಮೇಲೂ ಕೆಲವು ತಿಂಗಳು ಹೊಸ ನರಕೋಶಗಳು ಮೂಡುತ್ತಲೇ ಇರುತ್ತವೆ, ಹಾಗಾಗಿ ಬೇಗ ಹುಟ್ಟಿದ ಮಗುವಿನಲ್ಲಿ ಈ ಬೆಳವಣಿಗೆಗೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ. ನಾವೆಲ್ಲ ಶಾಲೆಯಲ್ಲಿ ಓದಿದ್ದು 'ದೇಹದ ಸಮತೋಲನ' ಅಂತ ಒಂದೇ ಸಾಲು, ಅಲ್ವಾ? ಮಾತು, ಗಮನ, ಬೇರೆಯವರ ಜೊತೆ ಬೆರೆಯುವುದು, ಇವುಗಳಲ್ಲೂ ಇದರ ಪಾತ್ರವಿದೆ. ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಸ್ಥಿತಿ) ಇದ್ದ ಹಲವರ ಮೆದುಳನ್ನು ಸಾವಿನ ನಂತರ ಪರೀಕ್ಷಿಸಿದಾಗ ಕಿರುಮೆದುಳಿನ ಪುರ್ಕಿಂಜೆ ಕೋಶಗಳು (ಒಂದು ಬಗೆಯ ದೊಡ್ಡ ನರಕೋಶಗಳು) ಕಡಿಮೆ ಇದ್ದದ್ದು ಕಂಡುಬಂದಿದೆ. ಹಾಗಂತ ಆಟಿಸಂಗೆ ಇದೊಂದೇ ಕಾರಣ ಅಂತಲ್ಲ, ಅದನ್ನೂ ಕೈಪಿಡಿಯಲ್ಲಿ ಬರೆಯುತ್ತೇನೆ.

ಎರಡನೆಯದು ನ್ಯೂರೋಡೆವಲಪ್‌ಮೆಂಟಲ್ ಡಿಸಾರ್ಡರ್, ಅಂದರೆ ಮೆದುಳು ಬೆಳೆಯುವ ಹಂತದಲ್ಲೇ ಶುರುವಾಗುವ ಆಟಿಸಂನಂಥ ಸ್ಥಿತಿಗಳ ಒಟ್ಟು ಹೆಸರು. ಇದೇ ನನಗೆ ಹೆಚ್ಚು ಕಷ್ಟವಾಗಿರುವುದು. 'ನರವಿಕಾಸ ದೋಷ' ಬೇಡ. ವಿಕಾಸ ಅಂದರೆ ಓದಿದವರಿಗೆ ಡಾರ್ವಿನ್ ನೆನಪಾಗುತ್ತಾನೆ. ದೋಷ ಅಂದರೆ ನಮ್ಮ ಮನೆಗಳಲ್ಲಿ ನಾಗದೋಷ, ಗ್ರಹದೋಷ. ತಾಯಿ ಮೊದಲೇ ತನ್ನನ್ನು ತಾನು ಹಳಿದುಕೊಳ್ಳುತ್ತಿರುತ್ತಾಳೆ, ಅವಳ ಕೈಗೆ ಆ ಪದ ಕೊಡಬಾರದು. ಕಾಯಿಲೆ ಅಂದರೆ ಮಾತ್ರೆ ಕೊಟ್ಟರೆ ವಾಸಿಯಾಗುತ್ತೆ ಅಂತ ಕಾಯುತ್ತಾರೆ. ಬುದ್ಧಿಮಾಂದ್ಯ ಅಂತೂ ತಪ್ಪೇ, ಆಟಿಸಂ ಅಥವಾ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಇರುವ ಎಷ್ಟೋ ಮಕ್ಕಳ ಬುದ್ಧಿಗೆ ಏನೂ ಕೊರತೆ ಇರುವುದಿಲ್ಲ, ಮೇಲಾಗಿ ಆ ಪದ ನೋಯಿಸುತ್ತದೆ.

ಸದ್ಯಕ್ಕೆ 'ಮೆದುಳಿನ ಬೆಳವಣಿಗೆಯ ತೊಡಕು' ಅಂತ ಇಟ್ಟಿದ್ದೇನೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರಿಗೆ ತೊಡಕು ಸಹಜವಾಗಿ ಕೇಳುತ್ತದೆಯೇ, ತೊಂದರೆ ಅಂದರೆ ವಾಸಿಯೇ? ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ಅಪ್ಪ ಅಮ್ಮಂದಿರಿಗೆ ನೀವು ಬಾಯಲ್ಲಿ ಏನಂತ ಹೇಳುತ್ತೀರಿ, ದಯವಿಟ್ಟು ಬರೆಯಿರಿ.